ಪ್ರಾಜೆಕ್ಟ್ ಫೈಲಿನೊಳಗೆ ಹಾಡು ಇರುವುದಿಲ್ಲ

ಪ್ರಶ್ನೆ: ಕಾಪುವಿನ ನಮ್ಮ ಮನೆಯಲ್ಲಿಯೇ ಒಂದು ಚಿಕ್ಕ ರೆಕಾರ್ಡಿಂಗ್ ಕೋಣೆ ಮಾಡಿಕೊಂಡಿದ್ದೇನೆ. 2015ರಿಂದ ಭಜನೆ, ತುಳು ಹಾಡು, ತಾಳಮದ್ದಳೆ (ವೇಷವಿಲ್ಲದೆ ಕುಳಿತು ನಡೆಸುವ ಯಕ್ಷಗಾನ) ಎಲ್ಲವನ್ನೂ ಒಂದೇ ಕಂಪ್ಯೂಟರಿನಲ್ಲಿ, ಕ್ಯೂಬೇಸ್ 8 ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರಿನಲ್ಲಿ ಮಾಡುತ್ತಾ ಬಂದಿದ್ದೇನೆ. ವಿಂಡೋಸ್ 10ಕ್ಕೆ ಬೆಂಬಲ ನಿಂತಿತೆಂದು ಈಗ ಹೊಸ ಕಂಪ್ಯೂಟರ್ ಕೊಂಡಿದ್ದೇನೆ. ಮುನ್ನೂರಕ್ಕೂ ಹೆಚ್ಚು ಪ್ರಾಜೆಕ್ಟ್‌ಗಳಿವೆ. ಈಗ ನಮ್ಮೊಂದಿಗಿಲ್ಲದ, ಪದ್ಯ ಹಾಡುತ್ತಿದ್ದ ಭಾಗವತರೊಬ್ಬರ ಆರು ತಾಳಮದ್ದಳೆಗಳೂ ಅವುಗಳಲ್ಲಿ ಸೇರಿವೆ. ಡಿ ಡ್ರೈವನ್ನು ಪೂರ್ತಿಯಾಗಿ ಒಂದು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿಕೊಂಡರೆ ಸಾಕೇ? ಹಳೆಯ ಕಂಪ್ಯೂಟರನ್ನು ತಂಗಿಯ ಮಗನಿಗೆ ಕೊಡುತ್ತೇನೆಂದು ಮಾತು ಕೊಟ್ಟಾಗಿದೆ.

ಉತ್ತರ: ಸಾಲದು. ಆದರೆ ಕಾಪಿ ಮಾಡುವ ಮೊದಲೇ ಕೇಳಿದಿರಲ್ಲ, ಅದೇ ದೊಡ್ಡ ಸಮಾಧಾನ. ನನ್ನ ಬಳಿಗೆ ಬರುವ ಇಂತಹ ಪ್ರಶ್ನೆಗಳಲ್ಲಿ ಹೆಚ್ಚಿನವು ಹಳೆಯ ಡಿಸ್ಕ್ ಫಾರ್ಮ್ಯಾಟ್ ಆದ ಮೇಲೆ ಬರುತ್ತವೆ.

ತಾಳಮದ್ದಳೆ ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಪ್ರಸಂಗ ಪುಸ್ತಕದಲ್ಲಿ ಇರುವುದು ಪದ್ಯಗಳು. ಅರ್ಥ, ಅಂದರೆ ಪಾತ್ರಧಾರಿ ಆಡುವ ಮಾತು, ಅದರಲ್ಲಿ ಅಚ್ಚಾಗಿರುವುದಿಲ್ಲ. ಅದು ಆ ರಾತ್ರಿ, ಆ ಅರ್ಥಧಾರಿಯ ಬಾಯಲ್ಲಿ ಹುಟ್ಟುವಂಥದ್ದು. ಪುಸ್ತಕವನ್ನು ಎಷ್ಟೇ ಜೋಪಾನ ಮಾಡಿದರೂ ಅಂದಿನ ಕೂಟ ಉಳಿಯುವುದಿಲ್ಲ. ಕ್ಯೂಬೇಸಿನ .ಸಿಪಿಆರ್ ಫೈಲೂ ಹಾಗೆಯೇ. ಯಾವ ತುಣುಕು ಎಲ್ಲಿ ಆರಂಭವಾಗಬೇಕು, ಎಲ್ಲಿ ಕತ್ತರಿಸಬೇಕು, ಮದ್ದಳೆಯ ದನಿ ಎಷ್ಟಿರಬೇಕು, ಭಾಗವತರ ಟ್ರ್ಯಾಕಿಗೆ ಯಾವ ಪ್ಲಗಿನ್ (ದನಿಯನ್ನು ತಿದ್ದುವ ಅಥವಾ ವಾದ್ಯದ ದನಿ ಕೊಡುವ ಪುಟ್ಟ ಸಾಫ್ಟ್‌ವೇರ್) ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಭಾಗವತರ ಕಂಠ ಮಾತ್ರ ಅದರಲ್ಲಿ ಇರುವುದಿಲ್ಲ. ಅದು ಸಾಮಾನ್ಯವಾಗಿ ಪಕ್ಕದ ಆಡಿಯೋ ಫೋಲ್ಡರಿನ ವೇವ್ ಫೈಲುಗಳಲ್ಲಿ ಇರುತ್ತದೆ. ಗಾತ್ರ ನೋಡಿದರೇ ಇದು ಗೊತ್ತಾಗುತ್ತದೆ: 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಒಂದು ಮೈಕಿನ ಒಂದು ಗಂಟೆಯ ದನಿಗೆ ಸುಮಾರು 518 ಎಂಬಿ ಬೇಕು. ಆರು ಮೈಕ್ ಇಟ್ಟು ನಾಲ್ಕು ಗಂಟೆ ರೆಕಾರ್ಡ್ ಮಾಡಿದ ಕೂಟ 12 ಜಿಬಿಯನ್ನು ಮೀರುತ್ತದೆ. ನಿಮ್ಮ ಬ್ಯಾಕಪ್ಪಿನಲ್ಲಿ ಅಂತಹ ಕೂಟ ಇನ್ನೂರು ಎಂಬಿ ಮಾತ್ರ ಇದ್ದರೆ ಅಲ್ಲಿ ಕೂಟ ಇಲ್ಲವೆಂದೇ ಅರ್ಥ.

ಇದನ್ನು ತಿಳಿಯದೆ ನಾನು ಕಳೆದುಕೊಂಡದ್ದನ್ನು ಇನ್ನೂ ಮರೆಯಲಾಗಿಲ್ಲ. ಬಜ್ಪೆಯ ಕಡೆಯ ಅಜ್ಜಿಯೊಬ್ಬರು ನೇಜಿ (ಭತ್ತದ ಸಸಿ) ನೆಡುವಾಗ ಹಾಡುವ ಓಬೇಲೆ ಹಾಡುಗಳನ್ನೂ ತುಳುವಿನ ಕಥನಗೀತೆಗಳಾದ ಪಾಡ್ದನಗಳನ್ನೂ ಎರಡು ಮಧ್ಯಾಹ್ನ ಕುಳಿತು ನನಗಾಗಿ ಹಾಡಿದ್ದರು. ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ರೆಕಾರ್ಡ್ ಮಾಡಿದ್ದೆ. ಆಗಿನ ಆಡಾಸಿಟಿ ಒಂದು ಪುಟ್ಟ .ಎಯುಪಿ ಫೈಲನ್ನೂ ಅದರ ಪಕ್ಕದಲ್ಲಿ ದನಿಯ ಸಣ್ಣ ಸಣ್ಣ ತುಣುಕುಗಳು ತುಂಬಿದ ಡೇಟಾ ಫೋಲ್ಡರನ್ನೂ ಮಾಡುತ್ತಿತ್ತು. ಹಾಡಿನ ಹೆಸರಿದ್ದ ಫೈಲನ್ನು ಡಿವಿಡಿಗೆ ಬರೆದುಕೊಂಡೆ, ಅರ್ಥವಾಗದ ಹೆಸರುಗಳ ಫೋಲ್ಡರನ್ನು ಬಿಟ್ಟುಬಿಟ್ಟೆ. ಹಳೆಯ ಡಿಸ್ಕ್ ಕೆಟ್ಟ ಮೇಲೆ ಡಿವಿಡಿ ಹಾಕಿದರೆ ಟ್ರ್ಯಾಕಿನ ಹೆಸರು ಕಾಣುತ್ತಿತ್ತು, ದನಿ ಇರಲಿಲ್ಲ. ಅಷ್ಟರಲ್ಲಿ ಅಜ್ಜಿ ತೀರಿಕೊಂಡಿದ್ದರು. 2021ರಲ್ಲಿ ಬಂದ ಆಡಾಸಿಟಿ 3ರಿಂದ ಎಲ್ಲವೂ ಒಂದೇ .ಎಯುಪಿ3 ಫೈಲಿನಲ್ಲಿ ಕೂರುತ್ತದೆ. ಅದಕ್ಕಿಂತ ಹಿಂದಿನವು ನಿಮ್ಮಲ್ಲಿದ್ದರೆ ಫೈಲನ್ನೂ ಫೋಲ್ಡರನ್ನೂ ಎಂದಿಗೂ ಬೇರೆ ಮಾಡಬೇಡಿ.

ಈಗ ಡಿ ಡ್ರೈವಿನ ವಿಷಯ. ಆಡಿಯೋ ಫೋಲ್ಡರ್ ಹೇಗೂ ಡಿ ಡ್ರೈವಿನಲ್ಲೇ ಇದೆಯಲ್ಲ, ಪೂರ್ತಿ ಕಾಪಿ ಮಾಡಿದರೆ ಅದೂ ಬರುತ್ತದೆಯಲ್ಲ ಎಂದು ನಿಮಗೆ ಅನ್ನಿಸಬಹುದು. ರೆಕಾರ್ಡ್ ಮಾಡಿದ್ದು ಬರುತ್ತದೆ. ಹೊರಗಿನಿಂದ ತಂದು ಸೇರಿಸಿದ್ದು ಬಾರದಿರಬಹುದು. ಒಂದು ಉದಾಹರಣೆ ಕೊಡುತ್ತೇನೆ. ಮುಂಬೈಯಲ್ಲಿರುವ ಗಾಯಕಿ ಮನೆಯಲ್ಲೇ ಹಾಡಿ ವಾಟ್ಸಾಪಿನಲ್ಲಿ ಕಳುಹಿಸುತ್ತಾರೆ. ಅದು ಸಿ ಡ್ರೈವಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಬಂದು ಬೀಳುತ್ತದೆ. ಅಲ್ಲಿಂದ ಎಳೆದು ಪ್ರಾಜೆಕ್ಟಿಗೆ ಹಾಕುತ್ತೀರಿ. ಆಗ ಕ್ಯೂಬೇಸ್, ಫೈಲನ್ನು ಪ್ರಾಜೆಕ್ಟಿನ ಫೋಲ್ಡರಿಗೆ ಕಾಪಿ ಮಾಡಲೇ ಎಂದು ಕೇಳುತ್ತದೆ. ಗಡಿಬಿಡಿಯಲ್ಲಿ ಬೇಡವೆಂದಿದ್ದರೆ, ಅಥವಾ ಹಾಗೆ ಕೇಳುವುದನ್ನೇ ಸೆಟ್ಟಿಂಗ್‌ನಲ್ಲಿ ನಿಲ್ಲಿಸಿದ್ದರೆ, ಆ ಫೈಲು ಇಂದಿಗೂ ಡೌನ್‌ಲೋಡ್ಸ್‌ನಲ್ಲೇ ಇದೆ. ಪ್ರಾಜೆಕ್ಟ್ ಅದರ ವಿಳಾಸವನ್ನಷ್ಟೇ ಇಟ್ಟುಕೊಂಡಿದೆ. ಪೆನ್‌ಡ್ರೈವಿನಿಂದ ನೇರವಾಗಿ ಎಳೆದು ಹಾಕಿದ ಕರೋಕೆ ಟ್ರ್ಯಾಕಿನ ಕಥೆಯೂ ಇದೇ. ನೀವು ಹತ್ತು ವರ್ಷ ಒಂದೇ ಕಂಪ್ಯೂಟರಿನಲ್ಲಿ ಕೆಲಸ ಮಾಡಿದ್ದೀರಿ. ವಿಳಾಸ ಎಂದೂ ಬದಲಾಗದ ಕಾರಣ ಈ ದೋಷ ಒಮ್ಮೆಯೂ ನಿಮ್ಮ ಕಣ್ಣಿಗೆ ಬಿದ್ದಿರಲಾರದು.

ಆದ್ದರಿಂದ ಕಾಪಿ ಮಾಡುವ ಮೊದಲು ಪ್ರತಿ ಪ್ರಾಜೆಕ್ಟನ್ನು ಹಳೆಯ ಕಂಪ್ಯೂಟರಿನಲ್ಲಿಯೇ ತೆರೆದು, ಅದು ಬಳಸುವ ದನಿ ಫೈಲುಗಳ ಪಟ್ಟಿಯಿರುವ ಪೂಲ್ ಕಿಟಕಿಯನ್ನು ನೋಡಿ. ಅಲ್ಲಿ ಸ್ಟೇಟಸ್ ಎಂಬ ಅಂಕಣವಿದೆ. ಪ್ರಶ್ನಾರ್ಥಕ ಚಿಹ್ನೆ ಇರುವ ಫೈಲು ಕಾಣೆಯಾಗಿದೆ. ಇಂಟು ಗುರುತು ಇರುವುದು ಪ್ರಾಜೆಕ್ಟ್ ಫೋಲ್ಡರಿನ ಹೊರಗಿದೆ. ಕಾಣೆಯಾದದ್ದನ್ನು ಮೀಡಿಯಾ ಮೆನುವಿನ 'ಫೈಂಡ್ ಮಿಸ್ಸಿಂಗ್ ಫೈಲ್ಸ್' ಮೂಲಕ ಹುಡುಕಿಸಿ. ಆಮೇಲೆ ಅದೇ ಮೆನುವಿನ 'ಪ್ರಿಪೇರ್ ಆರ್ಕೈವ್' ಒತ್ತಿದರೆ ಹೊರಗಿರುವ ದನಿಗಳೆಲ್ಲ ಪ್ರಾಜೆಕ್ಟಿನ ಆಡಿಯೋ ಫೋಲ್ಡರಿಗೆ ಬಂದು ಸೇರುತ್ತವೆ. ಕೊನೆಗೆ ಫೈಲ್ ಮೆನುವಿನ 'ಬ್ಯಾಕಪ್ ಪ್ರಾಜೆಕ್ಟ್' ಬಳಸಿ ಬೇರೊಂದು ಖಾಲಿ ಫೋಲ್ಡರಿಗೆ ಪೂರ್ತಿ ಪ್ರತಿ ಮಾಡಿ. ಆಗ ಬರುವ ಆಯ್ಕೆಗಳಲ್ಲಿ ಆಡಿಯೋ ಫೈಲುಗಳನ್ನು ಕಿರಿದುಗೊಳಿಸುವುದು, ಬಳಸದ ಫೈಲುಗಳನ್ನು ತೆಗೆಯುವುದು ಎಂಬ ಎರಡಿವೆ. ಜಾಗ ಉಳಿಯುತ್ತದೆಂದು ಅವನ್ನು ಆರಿಸಬೇಡಿ, ಅದರಲ್ಲೂ ಆ ಆರು ತಾಳಮದ್ದಳೆಗಳಿಗೆ ಖಂಡಿತ ಬೇಡ. ನೀವು ಕತ್ತರಿಸಿ ಬದಿಗಿಟ್ಟ ಭಾಗದಲ್ಲಿ ಭಾಗವತರು ಪದ್ಯಕ್ಕೆ ಮೊದಲು ಶ್ರುತಿ ಹಿಡಿದದ್ದು, ಮದ್ದಳೆಯವರಿಗೆ ಎರಡು ಮಾತು ಹೇಳಿದ್ದು ಇರಬಹುದು. ಇಂದು ಅವರ ಮನೆಯವರಿಗೆ ಪದ್ಯಕ್ಕಿಂತ ಅದೇ ಹೆಚ್ಚು ಬೇಕಾಗಬಹುದು.

ನಿಮ್ಮ ಬಳಗದವರು ಬೇರೆ ಸಾಫ್ಟ್‌ವೇರ್ ಬಳಸುತ್ತಿದ್ದರೆ ಅವುಗಳಲ್ಲೂ ಇದಕ್ಕೆ ದಾರಿಯಿದೆ. ರೀಪರ್‌ನಲ್ಲಿ 'ಸೇವ್ ಆಸ್' ಮಾಡುವಾಗ ಎಲ್ಲ ಮೀಡಿಯಾವನ್ನೂ ಪ್ರಾಜೆಕ್ಟ್ ಫೋಲ್ಡರಿಗೆ ಕಾಪಿ ಮಾಡುವ ಆಯ್ಕೆಯಿದೆ, ಏಬಲ್‌ಟನ್‌ನಲ್ಲಿ 'ಕಲೆಕ್ಟ್ ಆಲ್ ಅಂಡ್ ಸೇವ್', ಎಫ್ಎಲ್ ಸ್ಟುಡಿಯೋದಲ್ಲಿ ಎಲ್ಲವನ್ನೂ ಕಟ್ಟಿಕೊಡುವ ಜಿಪ್ ರಫ್ತು.

ಇನ್ನು ಪರೀಕ್ಷೆ. ಬಹಳ ಜನ ಮೋಸ ಹೋಗುವುದು ಇಲ್ಲಿಯೇ, ಅನುಭವಸ್ಥರೂ ಕೂಡ. ಬ್ಯಾಕಪ್ ಆದ ಹಾರ್ಡ್ ಡಿಸ್ಕನ್ನು ಹಳೆಯ ಕಂಪ್ಯೂಟರಿಗೇ ಹಾಕಿ ಪ್ರಾಜೆಕ್ಟನ್ನು ತೆರೆಯುತ್ತಾರೆ. ಎಲ್ಲವೂ ಚೆನ್ನಾಗಿ ಕೇಳಿಸುತ್ತದೆ. ಕೇಳಿಸಲೇಬೇಕು, ಏಕೆಂದರೆ ಬ್ಯಾಕಪ್ಪಿನಲ್ಲಿ ಇಲ್ಲದ ಫೈಲನ್ನು ಸಾಫ್ಟ್‌ವೇರ್ ಹಳೆಯ ವಿಳಾಸದಿಂದ ಸದ್ದಿಲ್ಲದೆ ತೆಗೆದುಕೊಳ್ಳುತ್ತಿರುತ್ತದೆ. ಪರೀಕ್ಷೆ ಆಗಬೇಕಾದದ್ದು ಹೊಸ ಕಂಪ್ಯೂಟರಿನಲ್ಲಿ, ಹಳೆಯ ಡಿಸ್ಕ್ ಯಾವ ರೀತಿಯಲ್ಲೂ ಜೋಡಣೆಯಾಗಿರದ ಸ್ಥಿತಿಯಲ್ಲಿ. ತೆರೆದ ಮೇಲೆ ಆರಂಭದ ಹತ್ತು ಸೆಕೆಂಡ್ ಕೇಳಿ ಮುಚ್ಚಬೇಡಿ. ನಡುವಿನಲ್ಲಿ ಕೇಳಿ, ಕೊನೆಯಲ್ಲಿ ಕೇಳಿ, ಪ್ರತಿ ಟ್ರ್ಯಾಕನ್ನೂ ಸೋಲೋ ಮಾಡಿ ನೋಡಿ. ಚೆಂಡೆ ಜೋರಾಗಿದ್ದರೆ ಚಕ್ರತಾಳದ ಟ್ರ್ಯಾಕ್ ಇಲ್ಲದಿರುವುದು ಕಿವಿಗೆ ಗೊತ್ತಾಗುವುದೇ ಇಲ್ಲ.

ಇಷ್ಟಾದರೂ ನಿಮ್ಮ ಹಳೆಯ ಹಾಡುಗಳು ಹೊಸ ಕಂಪ್ಯೂಟರಿನಲ್ಲಿ ಮೊದಲಿನಂತೆ ಕೇಳಿಸುತ್ತವೆಂಬ ಭರವಸೆ ಇಲ್ಲ. ಕಾರಣ ಪ್ಲಗಿನ್‌ಗಳು. ಅವು ಪ್ರಾಜೆಕ್ಟ್ ಫೋಲ್ಡರಿನೊಳಗೆ ಬರುವುದಿಲ್ಲ, ಹೊಸದಾಗಿ ಇನ್‌ಸ್ಟಾಲ್ ಮಾಡಬೇಕು. 2015ರ ಸುಮಾರಿಗೆ ನಮ್ಮಲ್ಲಿ ಬಳಕೆಯಲ್ಲಿದ್ದ ಉಚಿತ ಪ್ಲಗಿನ್‌ಗಳಲ್ಲಿ ಎಷ್ಟೋ ಹಳೆಯ ಬಗೆಯ 32 ಬಿಟ್‌ನವು. ಕ್ಯೂಬೇಸ್ 8 ಅವನ್ನು ಒಂದು ಸೇತುವೆಯ ಮೂಲಕ ನಡೆಸುತ್ತಿತ್ತು. ಕ್ಯೂಬೇಸ್ 9ರಿಂದ ಆ ಸೇತುವೆಯನ್ನೇ ತೆಗೆದುಹಾಕಿದರು. ಹೊಸ ಕಂಪ್ಯೂಟರಿಗೆ ಹೊಸ ಆವೃತ್ತಿಯ ಕ್ಯೂಬೇಸ್ ಹಾಕಿದರೆ ಆ ಪ್ಲಗಿನ್‌ಗಳು ಕೆಲಸ ಮಾಡುವುದಿಲ್ಲ. ಭಜನೆಗೆ ಹಾಕಿದ್ದ ರಿವರ್ಬ್ ಹೋದರೆ ಬೇರೆಯದನ್ನು ಹಾಕಬಹುದು. ಆದರೆ ಮಿಡಿಯಲ್ಲಿ, ಅಂದರೆ ಯಾವ ಸ್ವರ ಯಾವಾಗ ಎಂಬುದನ್ನಷ್ಟೇ ಬರೆದಿಡುವ ಪದ್ಧತಿಯಲ್ಲಿ, ನುಡಿಸಿದ ತಂಬೂರಿ, ತಂತಿವಾದ್ಯಗಳ ಪದರಗಳಿಗೆ ಸ್ವಂತ ದನಿಯೇ ಇಲ್ಲ. ವಾದ್ಯದ ಪ್ಲಗಿನ್ ಇಲ್ಲದಿದ್ದರೆ ಅಲ್ಲಿ ಉಳಿಯುವುದು ಸ್ವರಗಳ ಗುರುತು ಮಾತ್ರ.

ಇದಕ್ಕೆ ನನಗೆ ಪೂರ್ಣ ನಂಬಿಕೆಯಿರುವ ಉಪಾಯ ಒಂದೇ: ಹಳೆಯ ಕಂಪ್ಯೂಟರ್ ಇನ್ನೂ ನಡೆಯುತ್ತಿರುವಾಗಲೇ ಪ್ರತಿ ಟ್ರ್ಯಾಕನ್ನೂ ಬೇರೆ ಬೇರೆ ವೇವ್ ಫೈಲಾಗಿ ಹೊರತೆಗೆಯುವುದು. 'ಎಕ್ಸ್‌ಪೋರ್ಟ್ ಆಡಿಯೋ ಮಿಕ್ಸ್‌ಡೌನ್' ಕಿಟಕಿಯಲ್ಲಿ ಹಲವು ಚಾನೆಲ್‌ಗಳನ್ನು ಒಟ್ಟಿಗೆ ತೆಗೆಯುವ ವ್ಯವಸ್ಥೆಯಿದೆ. ಟ್ರ್ಯಾಕಿನಲ್ಲಿ ದನಿ ಎಲ್ಲಿಂದಲೇ ಆರಂಭವಾಗಲಿ, ಎಲ್ಲ ಫೈಲುಗಳೂ ಪ್ರಾಜೆಕ್ಟಿನ ಸೊನ್ನೆಯಿಂದಲೇ ಆರಂಭವಾಗಿ ಒಂದೇ ಉದ್ದ ಇರಲಿ. ಹಾಗಿದ್ದರೆ ಇಪ್ಪತ್ತು ವರ್ಷಗಳ ಮೇಲೆ, ಕ್ಯೂಬೇಸ್ ಎಂಬುದೇ ಇಲ್ಲದ ಕಾಲದಲ್ಲೂ, ಯಾವುದೋ ಒಂದು ಸಾಫ್ಟ್‌ವೇರಿನಲ್ಲಿ ಅವನ್ನೆಲ್ಲ ಒಂದೇ ಗೆರೆಯಿಂದ ಜೋಡಿಸಿದರೆ ಭಾಗವತರೂ ಮದ್ದಳೆಯೂ ಕೂಡಿಯೇ ನಡೆಯುತ್ತಾರೆ. ಮುಖ್ಯ ಕಂಠದ ಟ್ರ್ಯಾಕನ್ನು ಎರಡು ಬಗೆಯಲ್ಲಿ ತೆಗೆದಿಡಿ: ಪ್ಲಗಿನ್‌ಗಳನ್ನು ನಿಲ್ಲಿಸಿ ಒಂದು, ಇದ್ದಂತೆಯೇ ಇನ್ನೊಂದು. 24 ಬಿಟ್ ಸಾಕು. 32 ಬಿಟ್ ಫ್ಲೋಟ್ ಆದರೆ ಇನ್ನೂ ಒಳ್ಳೆಯದು. ಎಂಪಿ3 ಬೇಡವೇ ಬೇಡ. ಜೊತೆಗೆ ಅಂತಿಮ ಮಿಕ್ಸಿನ ಒಂದು ವೇವ್ ಫೈಲು ಇರಲಿ, ಮುಂದೆ ಹೋಲಿಸಿ ನೋಡಲು ಅದೇ ಆಧಾರ.

ಆ ಫೋಲ್ಡರಿನಲ್ಲಿಯೇ ಒಂದು ಸಾದಾ ಟೆಕ್ಸ್ಟ್ ಫೈಲು ಇಡಿ. ಪ್ರಸಂಗದ ಹೆಸರು, ದಿನಾಂಕ, ಊರು, ಹಿಮ್ಮೇಳದಲ್ಲಿ ಯಾರು, ಮುಮ್ಮೇಳದಲ್ಲಿ ಯಾರಿಗೆ ಯಾವ ಪಾತ್ರ, ಭಾಗವತರ ಶ್ರುತಿ ಯಾವುದು, ಸ್ಯಾಂಪಲ್ ರೇಟ್ ಎಷ್ಟು, ಯಾವ ಮೈಕ್ ಯಾರ ಮುಂದೆ ಇತ್ತು ಎಂದು ಬರೆಯಿರಿ. ಭಜನೆಗೆ ಲಯ ಹಿಡಿಯಲು ಕ್ಲಿಕ್ ಸದ್ದು ಹಾಕಿದ್ದರೆ ಅದರ ಟೆಂಪೋ (ವೇಗ) ಕೂಡ. ಯೂನಿಕೋಡ್ ಕನ್ನಡದಲ್ಲಿಯೇ ಬರೆಯಿರಿ. ಹಳೆಯ ಫಾಂಟುಗಳಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಓದಲು ಬರುವುದಿಲ್ಲ. ಇದನ್ನು ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಜಿಲ್ಲೆಗಳ ಮನೆಗಳಲ್ಲಿ ಯಕ್ಷಗಾನದ ಕ್ಯಾಸೆಟ್‌ಗಳು ರಾಶಿ ರಾಶಿ ಬಿದ್ದಿವೆ. ದನಿ ಇನ್ನೂ ಇದೆ, ಆದರೆ ಅದು ಯಾರದೆಂದು ಹೇಳಬಲ್ಲವರು ಹೋಗಿಬಿಟ್ಟಿದ್ದಾರೆ. ಹೊದಿಕೆಯ ಮೇಲೆ ಒಂದು ಸಾಲು ಬರೆದಿದ್ದರೆ ಸಾಕಿತ್ತು.

ಮುನ್ನೂರು ಪ್ರಾಜೆಕ್ಟಿಗೂ ಹೀಗೆ ಮಾಡುವುದೇ? ಬೇಡ. ಹಾಗೆ ಹೊರಟರೆ ನೀವು ಮೂವತ್ತಕ್ಕೇ ಸುಸ್ತಾಗಿ ಕೈಬಿಡುತ್ತೀರಿ. ಮತ್ತೆ ಹಾಡಿಸಲು ಸಾಧ್ಯವೇ ಇಲ್ಲದವು ಮೊದಲು, ಅಂದರೆ ಆ ಆರು ತಾಳಮದ್ದಳೆಗಳು. ಅವುಗಳ ಹಿಂದೆ, ಜನ ಈಗಲೂ ಕೇಳಿಕೊಂಡು ಬರುವ ಹಾಡುಗಳು. ಉಳಿದವಕ್ಕೆ ಪ್ರಿಪೇರ್ ಆರ್ಕೈವ್ ಮಾಡಿ ಫೋಲ್ಡರಿನ ಪ್ರತಿ ತೆಗೆದರೆ ಸಾಕು.

ಇನ್ನೊಂದು ವಸ್ತು ನಿಮ್ಮ ಹಳೆಯ ಕಂಪ್ಯೂಟರಿನ ಹಿಂಬದಿಯಲ್ಲಿ ಸಿಕ್ಕಿಸಿಕೊಂಡಿದೆ, ಅದನ್ನು ಮರೆಯಬೇಡಿ. ಕ್ಯೂಬೇಸ್ 8ರ ಪರವಾನಗಿ ಇರುವುದು ಇ-ಲೈಸೆನ್ಸರ್ ಎಂಬ ಆ ಯುಎಸ್‌ಬಿ ಡಾಂಗಲ್‌ನಲ್ಲಿ. 2022ರ ಕ್ಯೂಬೇಸ್ 12ರಿಂದ ಕಂಪನಿ ಡಾಂಗಲ್ ಇಲ್ಲದ ಪದ್ಧತಿಗೆ ಹೋಯಿತು. 2025ರ ಮೇ ತಿಂಗಳಿನಲ್ಲಿ ಇ-ಲೈಸೆನ್ಸರ್ ಸೇವೆಯನ್ನೇ ನಿಲ್ಲಿಸಿತು. ಹಾಗಾಗಿ ಅದು ಮುರಿದರೆ ಅಥವಾ ಕಳೆದರೆ ಪರವಾನಗಿ ಅಲ್ಲಿಗೇ ಹೋಯಿತೆಂದು ತಿಳಿದು ಬಂಗಾರದಂತೆ ಜೋಪಾನ ಮಾಡಿ. ಬೇರೆ ಪ್ಲಗಿನ್‌ಗಳ ಪರವಾನಗಿ ಹಳೆಯ ಕಂಪ್ಯೂಟರಿಗೆ ಅಂಟಿಕೊಂಡಿದ್ದರೆ, ಅದನ್ನು ಖಾಲಿ ಮಾಡುವ ಮೊದಲೇ ಆಯಾ ಖಾತೆಗೆ ಹೋಗಿ ಬಿಡಿಸಿಕೊಳ್ಳಿ. ನಿಮ್ಮ ಪ್ರೀಸೆಟ್‌ಗಳೂ (ನೀವು ಉಳಿಸಿಟ್ಟ ಪ್ಲಗಿನ್ ಹೊಂದಾಣಿಕೆಗಳು) ಡಿ ಡ್ರೈವಿನಲ್ಲಿಲ್ಲ. ಅವು ಸಿ ಡ್ರೈವಿನ ಡಾಕ್ಯುಮೆಂಟ್ಸ್ ಒಳಗಿನ 'ವಿಎಸ್‌ಟಿ3 ಪ್ರೀಸೆಟ್ಸ್' ಫೋಲ್ಡರಿನಲ್ಲೂ, ಕ್ಯೂಬೇಸಿನ ಸೆಟ್ಟಿಂಗ್‌ಗಳು ಆಪ್‌ಡೇಟಾ ಎಂಬ ಮರೆಯಲ್ಲಿಟ್ಟ ಫೋಲ್ಡರಿನಲ್ಲೂ ಇವೆ. ಎರಡನ್ನೂ ಸೇರಿಸಿಕೊಳ್ಳಿ.

ಕಾಪಿ ಮಾಡುವ ಡಿಸ್ಕಿನ ಬಗ್ಗೆ ಹೇಳಬೇಕು. ಡಿಸ್ಕ್ ಎಫ್ಎಟಿ32 ಪದ್ಧತಿಯಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲು ಅದರಲ್ಲಿ ಕೂರುವುದಿಲ್ಲ. ಸ್ಟೀರಿಯೋದಲ್ಲಿ, 48 ಕಿಲೋಹರ್ಟ್ಸ್ 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿದರೆ ಸುಮಾರು 4 ಗಂಟೆ 8 ನಿಮಿಷಕ್ಕೆ ಆ ಮಿತಿ ಬರುತ್ತದೆ. ಇಡೀ ರಾತ್ರಿಯ ಯಕ್ಷಗಾನದ ಆಟ ಅದನ್ನು ಸುಲಭವಾಗಿ ದಾಟುತ್ತದೆ. ಎನ್‌ಟಿಎಫ್ಎಸ್ ಅಥವಾ ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ. ಫೋಲ್ಡರಿನೊಳಗೆ ಫೋಲ್ಡರ್ ಇಟ್ಟು ಉದ್ದುದ್ದ ಹೆಸರು ಕೊಡುವ ಅಭ್ಯಾಸವಿದ್ದರೆ ಅದನ್ನೂ ಮೊಟಕು ಮಾಡಿ. ವಿಳಾಸ 260 ಅಕ್ಷರ ದಾಟಿದರೆ ವಿಂಡೋಸ್ ಕಾಪಿ ಮಾಡುವಾಗ ಕೆಲವು ಫೈಲುಗಳನ್ನು ಬಿಟ್ಟು ಮುಂದೆ ಹೋಗುವ ಅಪಾಯವಿದೆ. ಮುಗಿದ ಮೇಲೆ ಎರಡೂ ಕಡೆಯ ಫೋಲ್ಡರಿನ ಪ್ರಾಪರ್ಟೀಸ್ ತೆರೆದು ಫೈಲುಗಳ ಸಂಖ್ಯೆಯನ್ನೂ ಬೈಟುಗಳ ಮೊತ್ತವನ್ನೂ ತಾಳೆ ನೋಡಿ. ಒಂದು ಫೈಲು ಕಡಿಮೆಯಿದ್ದರೂ ಯಾವುದೆಂದು ಹುಡುಕಿ. ಹಳೆಯ ಕಂಪ್ಯೂಟರಿನ ಯುಎಸ್‌ಬಿ 2 ಕಿಂಡಿಯಲ್ಲಿ ಒಂದು ಟಿಬಿ ಸಾಗಲು ಎಂಟರಿಂದ ಒಂಬತ್ತು ಗಂಟೆ ಬೇಕು. ಸಂಜೆ ಹಾಕಿ ರಾತ್ರಿಯಿಡೀ ಬಿಡೋಣ ಎಂದುಕೊಂಡರೆ ಯುಪಿಎಸ್ ಇರಲಿ, ಮೋಡ ಕವಿದ ದಿನ ಬೇಡ.

ಕರಾವಳಿಯಲ್ಲಿ ಸಿಡಿಲನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಮುಂಗಾರಿಗೆ ಮೊದಲಿನ ಏಪ್ರಿಲ್, ಮೇಯಲ್ಲೂ ಮಳೆ ಹಿಂದೆ ಸರಿಯುವ ಅಕ್ಟೋಬರಿನ ಸಂಜೆಗಳಲ್ಲೂ ಒಂದು ಸಿಡಿಲಿಗೆ ಮನೆಯ ಟಿವಿ, ಮೋಡೆಮ್ ಎಲ್ಲ ಸುಟ್ಟದ್ದನ್ನು ನೀವೂ ನೋಡಿದ್ದೀರಿ. ಕಂಪ್ಯೂಟರಿಗೆ ಸದಾ ಜೋಡಿಸಿಟ್ಟ ಬ್ಯಾಕಪ್ ಡಿಸ್ಕ್ ಅದರೊಂದಿಗೇ ಹೋಗುತ್ತದೆ. ಕೆಲಸ ಮುಗಿದೊಡನೆ ಕೇಬಲ್ ಕಿತ್ತು ಒಳಗಿಡಿ. ಮಳೆಗಾಲದ ನಾಲ್ಕು ತಿಂಗಳ ತೇವಕ್ಕೆ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲಗಳೊಂದಿಗೆ ಇಡುವುದು ನಾನು ಕಂಡ ಸುಲಭ ದಾರಿ. ವರ್ಷಗಟ್ಟಲೆ ಮುಟ್ಟದೆ ಇಡುವ ಪ್ರತಿಗೆ ಎಸ್‌ಎಸ್‌ಡಿಗಿಂತ ತಿರುಗುವ ಹಾರ್ಡ್ ಡಿಸ್ಕೇ ವಾಸಿ, ಏಕೆಂದರೆ ವಿದ್ಯುತ್ ಇಲ್ಲದೆ ಬಹುಕಾಲ ಬಿದ್ದ ಎಸ್‌ಎಸ್‌ಡಿಯ ಸ್ಮೃತಿ ಮಾಸುವ ಸಂಭವವಿದೆ. ಯಾವುದೇ ಆದರೂ ಆರು ತಿಂಗಳಿಗೊಮ್ಮೆ ಜೋಡಿಸಿ, ಒಂದೆರಡು ಹಾಡು ತೆರೆದು ಕೇಳಿ.

ಪ್ರತಿಗಳು ಒಟ್ಟು ಮೂರು ಇರಲಿ: ಹೊಸ ಕಂಪ್ಯೂಟರಿನಲ್ಲಿ ಒಂದು, ಡಬ್ಬಿಯ ಡಿಸ್ಕಿನಲ್ಲಿ ಒಂದು, ಬೇರೆ ಊರಿನಲ್ಲಿ ಒಂದು. ಕಾರ್ಕಳದಲ್ಲೋ ಮೂಡುಬಿದಿರೆಯಲ್ಲೋ ನೆಂಟರ ಮನೆಯ ಕಪಾಟು ಸಿಕ್ಕರೂ ಆದೀತು. ಎಲ್ಲವನ್ನೂ ಇಂಟರ್ನೆಟ್ಟಿಗೆ ಏರಿಸುವುದು ನನಗೆ ವ್ಯಾವಹಾರಿಕವಾಗಿ ಕಾಣುವುದಿಲ್ಲ. 20 ಎಂಬಿಪಿಎಸ್ ವೇಗದಲ್ಲಿ 500 ಜಿಬಿ ಏರಲು ಎರಡು ದಿನಕ್ಕಿಂತ ಹೆಚ್ಚು ಹಿಡಿಯುತ್ತದೆ. ಅಂತಿಮ ಮಿಕ್ಸ್‌ಗಳನ್ನೂ ಆ ಆರು ಕೂಟಗಳ ಕಂಠದ ಟ್ರ್ಯಾಕನ್ನೂ ಏರಿಸಿಡಿ. ಭಾಗವತರ ಮನೆಯವರು ಒಪ್ಪಿದರೆ, ಉಡುಪಿಯ ಎಂ.ಜಿ.ಎಂ. ಕಾಲೇಜಿನ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರದಲ್ಲೂ ಒಮ್ಮೆ ವಿಚಾರಿಸಿ. ಕರಾವಳಿಯ ಕಲೆಗಳ ಧ್ವನಿ, ದೃಶ್ಯ ದಾಖಲೆಯ ಕೆಲಸವನ್ನು ಅವರು ದಶಕಗಳಿಂದ ಮಾಡುತ್ತಾ ಬಂದಿದ್ದಾರೆ. ಮೊದಲ ಪ್ರತಿಯನ್ನಂತೂ ಆ ಮನೆಯವರಿಗೇ ಕೊಡಿ.

ಹೊಸ ಕಂಪ್ಯೂಟರಿನಲ್ಲಿ ಎರಡು ವಿಷಯಗಳನ್ನು ಮೊದಲ ದಿನವೇ ನೋಡಿಕೊಳ್ಳಿ. ವಿಂಡೋಸ್ 11 ನಿಮ್ಮ ಡಾಕ್ಯುಮೆಂಟ್ಸ್ ಫೋಲ್ಡರನ್ನು ಒನ್‌ಡ್ರೈವ್‌ಗೆ ಒಪ್ಪಿಸಿಬಿಡಬಹುದು. ಆಗ ಕೆಲವು ಫೈಲುಗಳ ಹೆಸರು ಮಾತ್ರ ಕಂಪ್ಯೂಟರಿನಲ್ಲಿದ್ದು, ಒಳಗಿನದು ದೂರದ ಸರ್ವರ್‌ನಲ್ಲಿರುತ್ತದೆ. ರೆಕಾರ್ಡಿಂಗ್ ಫೋಲ್ಡರನ್ನು ಅದರಿಂದ ಹೊರಗೆ, ಬೇರೊಂದು ಡ್ರೈವಿನಲ್ಲಿ ಇಡಿ. ಎರಡನೆಯದು, ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಮಾಡಿದರೆ ಡಿಸ್ಕಿಗೆ ತಾನಾಗಿಯೇ ಗೂಢಲಿಪಿಯ ಬೀಗ ಬೀಳುವುದುಂಟು. ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ. ಅದಿಲ್ಲದಿದ್ದರೆ, ಕಂಪ್ಯೂಟರ್ ಕೆಟ್ಟ ದಿನ ಡಿಸ್ಕ್ ಚೆನ್ನಾಗಿದ್ದರೂ ನಿಮ್ಮ ಹಾಡು ನಿಮಗೇ ಸಿಗುವುದಿಲ್ಲ.

ಕೊನೆಗೆ ತಂಗಿಯ ಮಗನ ವಿಷಯ. ಕೊಟ್ಟ ಮಾತನ್ನು ಖಂಡಿತ ಉಳಿಸಿಕೊಳ್ಳಿ, ಆದರೆ ಸ್ವಲ್ಪ ತಡ ಮಾಡಿ. 32 ಬಿಟ್ ಪ್ಲಗಿನ್‌ಗಳು ಬದುಕಿರುವುದು ಆ ಒಂದು ಯಂತ್ರದಲ್ಲಿ ಮಾತ್ರ; ಮುಖ್ಯವಾದ ಟ್ರ್ಯಾಕುಗಳನ್ನೆಲ್ಲ ಹೊರತೆಗೆದು, ಹೊಸದರಲ್ಲಿ ತೆರೆದು ಕೇಳಿ ಮುಗಿಯುವವರೆಗೆ ಅದು ನಿಮ್ಮ ಕೋಣೆಯಿಂದ ಕದಲಬಾರದು. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ನಿಮಗೂ ಕೆಲಸ ಕಡಿಮೆಯಾಗುತ್ತದೆ, ಆಗ ಮುಗಿಸಿಕೊಳ್ಳಬಹುದು. ಕೊಡುವಾಗಲೂ ಹಳೆಯ ಡಿಸ್ಕನ್ನು ಬಿಚ್ಚಿ ತೆಗೆದು, ಅದರ ಜಾಗದಲ್ಲಿ ಒಂದು ಹೊಸ ಎಸ್‌ಎಸ್‌ಡಿ ಹಾಕಿಸಿ ಕೊಡಿ. ಹುಡುಗನಿಗೆ ಕಂಪ್ಯೂಟರ್ ಮೊದಲಿಗಿಂತ ಚುರುಕಾಗಿಯೇ ಸಿಗುತ್ತದೆ. ಬಿಚ್ಚಿದ ಡಿಸ್ಕಿನ ಮೇಲೆ 'ಅಳಿಸಬಾರದು' ಎಂದು ಬರೆದು, ಇಸವಿ ಹಾಕಿ, ಸಿಲಿಕಾ ಜೆಲ್ ಡಬ್ಬಿಯಲ್ಲಿಡಿ.